ದಡ ಇದೆ, ನೀರು ಕೇಳಬೇಡಿ

ಮುಂಬೈಗೆ ಹೋಗಿ ಬಂದ ಬೆಂಗಳೂರಿಗರು ಬ್ಯಾಗು ಬಿಚ್ಚುವ ಮೊದಲೇ ಮರೀನ್ ಡ್ರೈವ್ ವಿಷಯ ಬಿಚ್ಚುತ್ತಾರೆ. ಅಹಮದಾಬಾದಿಗೆ ಹೋದವರು ಸಾಬರಮತಿ ದಂಡೆಯಲ್ಲಿ ಬಾಡಿಗೆ ಸೈಕಲ್ ತುಳಿದ ಫೋಟೊ ತೋರಿಸುತ್ತಾರೆ. ಉದಯಪುರಕ್ಕೆ ಹೋದವರಂತೂ ಪಿಚೋಲಾ ಸರೋವರವನ್ನು ತಾವೇ ತೋಡಿಸಿದವರ ಹಾಗೆ ಮಾತಾಡುತ್ತಾರೆ. ಎಲ್ಲ ಮುಗಿದ ಮೇಲೆ ಒಂದು ನಿಟ್ಟುಸಿರು: "ಏನೇ ಹೇಳಿ, ನಮ್ಮೂರಿಗೆ ಒಂದು ನೀರಿನ ದಂಡೆ ಅಂತ ಇಲ್ಲವಲ್ಲ!"

ನನ್ನ ತಕರಾರು ಇಲ್ಲೇ. ದಂಡೆ ಇಲ್ಲ ಎನ್ನುವುದು ಹಸಿ ಸುಳ್ಳು. ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿನವರೆಗೆ ಹನ್ನೊಂದು ಹನ್ನೆರಡು ಕಿಲೋಮೀಟರ್ ಉದ್ದಕ್ಕೂ ನಮ್ಮಲ್ಲಿ ದಂಡೆಯೇ ದಂಡೆ. ಏರಿ ಇದೆ, ಕಟ್ಟೆ ಇದೆ, ಕೋಡಿ ಇದೆ, ಕಾಲುವೆ ಇದೆ. ಇಲ್ಲದ್ದು ನೀರೊಂದೇ. ಒಗ್ಗರಣೆಗೆ ಕರಿಬೇವು ಸಿಗಲಿಲ್ಲ ಅಂತ ಸಾರೇ ಇಲ್ಲ ಅನ್ನುವುದು ಯಾವ ನ್ಯಾಯ? ಅದೂ ಅಲ್ಲದೆ ನೀರು ಪೂರ್ತಿ ಇಲ್ಲವೆಂದೂ ಅಲ್ಲ. ಸೆಪ್ಟೆಂಬರ್‌ನಲ್ಲಿ ಬಂದು ನೋಡಿ, ನಿಮ್ಮ ಮಂಚದ ಕೆಳಗೇ ಇರುತ್ತದೆ.

ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಒಂದು ತೀರದರ್ಶನ ಪ್ರವಾಸವನ್ನು ಸಿದ್ಧಪಡಿಸಿದ್ದೇನೆ. ವಾಹನ: ಸೈಕಲ್. ಕಾರಿನಲ್ಲಿ ಯಾಕಲ್ಲ ಎಂದರೆ, ಕಾರಿನಲ್ಲಿ ಕೂತವರಿಗೆ ಬೆಂಗಳೂರು ಸಪಾಟಾಗಿ ಕಾಣುತ್ತದೆ. ಮೆಟ್ರೊದಲ್ಲಿ ಕೂತವರಿಗೆ ಕಾಣುವುದೇ ಇಲ್ಲ, ಅವರು ಮೊಬೈಲ್ ನೋಡುತ್ತಿರುತ್ತಾರೆ. ಸೈಕಲ್ ತುಳಿಯುವವನ ತೊಡೆಗೆ ಮಾತ್ರ ಗೊತ್ತು, ಎಲ್ಲಿ ಏರು, ಎಲ್ಲಿ ಇಳಿಜಾರು ಅಂತ. ಈ ಊರು ಕೂತಿರುವುದು ದಿಬ್ಬದ ಮೇಲೆ. ದಿಬ್ಬದ ಮೇಲೆ ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳದ್ದು ದಕ್ಷಿಣ ಪಿನಾಕಿನಿಗೆ, ವೃಷಭಾವತಿಯದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಬಡಾವಣೆಗಳ ನಕ್ಷೆಗೆ ಮೊಹರು ಒತ್ತಿದವರಿಗೆ ತಿಳಿಯದ ಈ ವಿಷಯ ಗೇರಿಲ್ಲದ ಹಳೇ ಅಟ್ಲಾಸ್ ಸೈಕಲ್ಲಿಗೆ ಚೆನ್ನಾಗಿ ತಿಳಿದಿದೆ. ಇಳಿಜಾರನ್ನು ಮರೆಯದೆ ಉಳಿದವರು ಈ ಊರಿನಲ್ಲಿ ಇಬ್ಬರೇ, ನೀರು ಮತ್ತು ಸೈಕಲ್. ಇಬ್ಬರಿಗೂ ನಾವು ರಸ್ತೆಯಲ್ಲಿ ಜಾಗ ಇಟ್ಟಿಲ್ಲ.

ಪ್ರವಾಸದಲ್ಲಿ ಹಲಸೂರು ಕೆರೆ ಇಲ್ಲವೇ, ಸ್ಯಾಂಕಿ ಕೆರೆ ಇಲ್ಲವೇ ಎಂದು ಕೇಳುವವರಿದ್ದೀರಿ. ಇಲ್ಲ. ಅಲ್ಲಿ ನೀರಿದೆ. 1882ರಲ್ಲಿ ಸ್ಯಾಂಕಿ ಸಾಹೇಬರು ಕಟ್ಟಿಸಿದ ಕೆರೆ ಇನ್ನೂ ಕೆರೆಯಾಗಿಯೇ ಉಳಿದಿರುವುದು ಅಪವಾದ, ಅಪವಾದವನ್ನು ತೋರಿಸಿ ಪ್ರವಾಸಿಗರ ದಾರಿ ತಪ್ಪಿಸುವುದು ಸರಿಯಲ್ಲ. ಅದಲ್ಲದೆ ನೀರಿರುವ ಕೆರೆಗಳಲ್ಲಿ ಇನ್ನೊಂದು ತೊಡಕಿದೆ. ಹೆಸರು ಬೇಡ, ಅಂಥ ಒಂದು ಕೆರೆಯ ಗೇಟಿನಲ್ಲಿ ನಡೆದ ಮಾತುಕತೆ ಇದು:

"ಸಾರ್, ಸೈಕಲ್ ಒಳಗಡೆ ಬಿಡಲ್ಲ."

"ಯಾಕಪ್ಪಾ?"

"ವಾಕಿಂಗ್‌ನೋರಿಗೆ ತೊಂದ್ರೆ ಆಗುತ್ತೆ ಅಂತ ಕಂಪ್ಲೇಂಟು."

"ಸರಿ, ಇಲ್ಲೇ ಗೇಟ್ ಹತ್ರ ನಿಲ್ಲಿಸಿ ಹೋಗ್ತೀನಿ."

"ಇಲ್ಲಿ ನಿಲ್ಲಿಸಿದ್ರೆ ಕದೀತಾರೆ ಸಾರ್. ಆಮೇಲೆ ನಮ್ಮನ್ನ ಕೇಳ್ಬೇಡಿ."

"ಮತ್ತೆ ಆ ಕಾರುಗಳು?"

"ಅವು ವಾಕಿಂಗ್‌ನೋರ್ದು ಸಾರ್."

ನಡೆಯುವುದಕ್ಕಾಗಿ ಕಾರಿನಲ್ಲಿ ಬರುವವರ ಊರಿನಲ್ಲಿ ಆತ ಹೇಳಿದ್ದು ನ್ಯಾಯವೇ. ವಾಪಸು ಬಂದೆ. ನಮ್ಮ ಪ್ರವಾಸಕ್ಕೆ ಇಂಥ ಗೇಟುಗಳ ಕಾಟವಿಲ್ಲ, ಯಾಕೆಂದರೆ ನಾವು ನೋಡುವ ಕೆರೆಗಳಿಗೆ ಗೇಟು ಹಾಕುವ ಅಗತ್ಯ ಯಾರಿಗೂ ಬೀಳಲಿಲ್ಲ.

ಬೆಳಿಗ್ಗೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಸೇರೋಣ. ಇದೇ ಧರ್ಮಾಂಬುಧಿ ಕೆರೆ. ಬಸ್ಸುಗಳು ತೇಲುತ್ತಿವೆಯಲ್ಲ, ಆ ಜಾಗ. ಕೆರೆ ಎಲ್ಲಿತ್ತು ಎಂದು ಟೀ ಅಂಗಡಿಯವರನ್ನು ಕೇಳಿದರೆ, "ಯಾವ ಕೆರೆ ಸಾರ್? ಕೆರೆಹಳ್ಳಿ ಬಸ್ಸಾ?" ಎನ್ನುತ್ತಾರೆ. ಅಂಗಡಿಯಿಂದ ಕೂಗಳತೆಯಲ್ಲೇ ಟ್ಯಾಂಕ್ ಬಂಡ್ ರಸ್ತೆ ಇದೆ. ಕೆರೆಯನ್ನು ನುಂಗಿ, ಏರಿಯನ್ನು ನುಂಗಿ, ಏರಿಯ ಹೆಸರನ್ನು ಮಾತ್ರ ಬೋರ್ಡಿನ ಮೇಲೆ ಬಿಟ್ಟಿದ್ದೇವೆ. ಪಾಲಿಕೆಯ ದಾಖಲೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದ ದಾಖಲೆ ಎಂದರೆ ಇಂಥ ಬೋರ್ಡುಗಳೇ.

ಕೆಂಪೇಗೌಡರು 1537ರಲ್ಲಿ ಊರು ಕಟ್ಟಲು ನದಿಯಿಲ್ಲದ ಜಾಗ ಆರಿಸಿದರು. ನದಿ ಇಲ್ಲವಾದ್ದರಿಂದ ಕೆರೆ ಕಟ್ಟಿಸಿದರು. ಒಂದು ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಪಂಪಿಲ್ಲ, ಕರೆಂಟಿಲ್ಲ, ಟೆಂಡರಿಲ್ಲ. ಇಷ್ಟು ಅಗ್ಗದ ವ್ಯವಸ್ಥೆ ಉಳಿಯುವುದಾದರೂ ಹೇಗೆ? ಹತ್ತೊಂಬತ್ತನೇ ಶತಮಾನದ ಕೊನೆಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ನಲ್ಲಿ ತಿರುಗಿಸಿದ ದಿನವೇ ಧರ್ಮಾಂಬುಧಿ ಕೆಲಸ ಕಳೆದುಕೊಂಡಿತು. ಆಮೇಲೆ ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದೆ 1974ರಲ್ಲಿ ಕಾವೇರಿ. ಕಾವೇರಿಯಲ್ಲೂ ಒಂದು, ಎರಡು, ಮೂರು, ನಾಲ್ಕು ಹಂತ ಮುಗಿದು 2024ರ ಅಕ್ಟೋಬರ್‌ನಲ್ಲಿ ಐದನೆಯದು, ದಿನಕ್ಕೆ 77.5 ಕೋಟಿ ಲೀಟರ್. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಹೊಡೆದು ತಂದ ನೀರು. ಆಕಾಶದಿಂದ ಪುಕ್ಕಟೆ ಬೀಳುವ ನೀರನ್ನು ಚರಂಡಿಗೆ ಬಿಟ್ಟು, ಕರೆಂಟು ಬಿಲ್ ಕಟ್ಟಿ ನೀರು ತರಿಸುವ ದೊಡ್ಡಸ್ತಿಕೆ ಎಲ್ಲ ಊರಿಗೂ ಬರುವುದಿಲ್ಲ.

ಕೆಂಪೇಗೌಡರನ್ನು ಮರೆತಿದ್ದೇವೆ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಅವರ ಕಾಲದ ಕೆರೆಯ ಅಂಗಳದಲ್ಲಿರುವ ಬಸ್ ನಿಲ್ದಾಣಕ್ಕೆ ಅವರ ಹೆಸರು. ಅದರ ಅಡಿಯಲ್ಲಿ ತೋಡಿದ ಮೆಟ್ರೊ ನಿಲ್ದಾಣಕ್ಕೂ ಅವರದೇ ಹೆಸರು. ವಿಮಾನ ನಿಲ್ದಾಣಕ್ಕೂ ಅದೇ. ಕೆರೆ ಕಟ್ಟಿಸಿದವರ ಹೆಸರಿನಲ್ಲಿ ಈ ಊರು ಎಲ್ಲವನ್ನೂ ಕಟ್ಟಿದೆ, ಕೆರೆಯೊಂದನ್ನು ಬಿಟ್ಟು.

ಮೆಜೆಸ್ಟಿಕ್‌ನಿಂದ ಇಳಿಜಾರು ಹಿಡಿದರೆ ಮುಂದಿನ ತೀರ ಸಿದ್ದಿಕಟ್ಟೆ. ನಿಮಗೆ ಗೊತ್ತಿರುವ ಹೆಸರಿನಲ್ಲಿ ಹೇಳುವುದಾದರೆ ಕೃಷ್ಣರಾಜ ಮಾರುಕಟ್ಟೆ. ಬೆಳಗಿನ ಹೊತ್ತಿಗೆ ಅಲ್ಲಿ ಸೈಕಲ್ ಹತ್ತಿ ಹೋಗಲಾರಿರಿ, ತಳ್ಳಿಕೊಂಡು ಹೋಗಬೇಕು. ಚೆಂಡುಹೂವಿನ ಮೂಟೆ, ಕೊಳೆತ ಕೋಸಿನ ಎಲೆ, ಬಾಳೆದಿಂಡು, ಸುಗಂಧರಾಜದ ಎಸಳು ಎಲ್ಲ ಕಲೆತು ನೆಲದ ಮೇಲೆ ಒಂದು ಬೆರಳು ದಪ್ಪದ ಕೆಸರು. ಹೂವು ಒಣಗದಿರಲಿ ಅಂತ ಚಿಮುಕಿಸಿದ ನೀರು ಮೂಟೆಯಿಂದ ತೊಟ್ಟಿಕ್ಕಿ, ಕಲ್ಲುಹಾಸಿನ ಸಂದಿಯಲ್ಲಿ ಸೇರಿ, ಯಾರೂ ದಾರಿ ತೋರಿಸದಿದ್ದರೂ ಸರಿಯಾಗಿ ಪೂರ್ವಕ್ಕೇ ಹರಿಯುತ್ತಿರುತ್ತದೆ. ನಾಲ್ಕು ತಲೆಮಾರಿನ ಕಾಂಕ್ರೀಟು ಬಿದ್ದರೂ ಅದಕ್ಕೆ ಬೆಳ್ಳಂದೂರಿನ ವಿಳಾಸ ಮರೆತಿಲ್ಲ. ಜೋರು ಮಳೆ ಬಂದರೆ ಮಾರುಕಟ್ಟೆಯ ಸುತ್ತ ಸಿದ್ದಿಕಟ್ಟೆ ತಾನಿನ್ನೂ ಇದ್ದೇನೆ ಎಂದು ಹಾಜರಿ ಹಾಕಿ ಹೋಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಅದಕ್ಕೆ "ಮಳೆಯ ಅವಾಂತರ" ಎಂಬ ತಲೆಬರಹ. ಅವಾಂತರ ಮಾಡಿದ್ದು ಮಳೆಯಂತೆ!

ಅಲ್ಲಿಂದ ಕಾರ್ಪೊರೇಷನ್ ಸರ್ಕಲ್ ಬಳಸಿ ಕಂಠೀರವ ಕ್ರೀಡಾಂಗಣ. ಇದು ಸಂಪಂಗಿ ಕೆರೆ. ಬೆಂಗಳೂರಿನ ಕ್ರೀಡಾಭಿಮಾನವನ್ನು ಅರಿಯಬೇಕಾದರೆ ಕೆರೆಗಳ ಪಟ್ಟಿ ಹಿಡಿದು ಹೊರಡಬೇಕು. ಸಂಪಂಗಿ ಕೆರೆಯಲ್ಲಿ ಓಟ, ಜಿಗಿತ, ಭರ್ಜಿ ಎಸೆತ. ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್. ಕೆರೆಯಲ್ಲಿ ಸಹಜವಾಗಿ ಆಡಬಹುದಾಗಿದ್ದ ಈಜು ಒಂದನ್ನು ಬಿಟ್ಟು ಮಿಕ್ಕೆಲ್ಲ ಆಟಕ್ಕೂ ಕೆರೆ ಕೊಟ್ಟಿದ್ದೇವೆ. ಈಜಿಗೆ ಮಾತ್ರ ಬೇರೆ ಕಡೆ ಗುಂಡಿ ತೋಡಿ, ಟೈಲ್ಸ್ ಹಾಕಿ, ಕಾವೇರಿ ನೀರು ತುಂಬಿಸಿಕೊಳ್ಳುತ್ತೇವೆ.

ಸಂಪಂಗಿ ಕೆರೆಯ ಒಂದು ತುಣುಕು ಇನ್ನೂ ಉಳಿದಿದೆ. ಧರ್ಮರಾಯಸ್ವಾಮಿ ದೇವಸ್ಥಾನದ ಕರಗದ ವಿಧಿಗಳಿಗೆ ಬೇಕೆಂದು ಕ್ರೀಡಾಂಗಣದ ಆವರಣದ ಪಕ್ಕ ಪುಟ್ಟದೊಂದು ಕೊಳ ಬಿಟ್ಟಿದ್ದಾರೆ. ತಿಗಳ ಸಮುದಾಯದವರು ಹೂವು, ತರಕಾರಿ ಬೆಳೆದದ್ದು ಈ ಕೆರೆಗಳ ಕೆಳಗಿನ ತೋಟಗಳಲ್ಲಿ. ಕರಗ ಹೊರುವವರೂ ಅವರೇ. ತೋಟ ಹೋಯಿತು, ಕೆರೆ ಹೋಯಿತು, ಪೂಜೆಗೆ ಬೇಕಾದಷ್ಟು ನೀರು ಉಳಿಯಿತು. ದೇವರಿಗೆ ಹೆದರಿ ಇಷ್ಟು ಬಿಟ್ಟರು. ಕಾನೂನಿಗೂ ಇದರ ಕಾಲುಭಾಗ ಹೆದರಿದ್ದರೆ ಕೆರೆಯಲ್ಲಿ ಅರ್ಧವಾದರೂ ಇರುತ್ತಿತ್ತು.

ಇನ್ನು ನಮ್ಮ ಪ್ರವಾಸದ ರಾಜಮಾರ್ಗ. ಮೆಜೆಸ್ಟಿಕ್‌ನಿಂದ ಮಾರುಕಟ್ಟೆ, ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರಿಗೆ ಹೋಗುವ ರಾಜಕಾಲುವೆಗೆ ಅಧಿಕಾರಿಗಳ ನಕ್ಷೆಯಲ್ಲಿ 'ಕೆ-100' ಎಂದು ಹೆಸರು. ಈ ಕಾಲುವೆಯನ್ನು ನಾಗರಿಕರ ಜಲಮಾರ್ಗ ಮಾಡುತ್ತೇವೆ, ದಡದಲ್ಲಿ ಕಲ್ಲುಹಾಸು, ಕಂಬಿ, ಬೆಂಚು, ಗಿಡ ಹಾಕುತ್ತೇವೆ ಎಂದು ಕೆಲವು ವರ್ಷಗಳ ಹಿಂದೆ ಯೋಜನೆ ಹೊರಟಿತು. ಮಾದರಿ ಎಲ್ಲಿಯದು? ದಕ್ಷಿಣ ಕೊರಿಯಾದ ಸಿಯೋಲ್‌ನ ಚೆಂಗ್ಯೆಚೊನ್ ಹೊಳೆಯದು. ಬೆಂಗಳೂರಿಗೆ ಮಾದರಿ ಯಾವತ್ತೂ ವಿಮಾನದಲ್ಲೇ ಬರಬೇಕು. ಹಿಂದೆ ಸಿಂಗಪುರದಿಂದ ಬರುತ್ತಿತ್ತು.

ಸಿಯೋಲ್‌ನವರು ಮಾಡಿದ್ದೇನೆಂದರೆ, ಹೊಳೆಯ ಮೇಲೆ ಹಾಕಿದ್ದ ಕಾಂಕ್ರೀಟನ್ನೂ, ಅದರ ಮೇಲೆ ಕಟ್ಟಿದ್ದ ಮೇಲ್ಸೇತುವೆಯನ್ನೂ ಕೆಡವಿ, ಸುಮಾರು ಆರು ಕಿಲೋಮೀಟರ್ ಹೊಳೆಯನ್ನು 2005ರಲ್ಲಿ ಜನರಿಗೆ ತೆರೆದರು. ಇದರಲ್ಲಿ ಕೆಡವಿದ್ದು ಎಂಬ ಭಾಗ ನಮ್ಮವರಿಗೆ ಅನುವಾದದಲ್ಲಿ ಬಿಟ್ಟುಹೋಗಿದೆ. ಇದೇ ಕಾಲುವೆಯ ಆಸುಪಾಸಿನಲ್ಲಿ, ಈಜಿಪುರದಲ್ಲಿ, ನಾವು 2017ರಿಂದ ಎರಡೂವರೆ ಕಿಲೋಮೀಟರ್ ಮೇಲ್ಸೇತುವೆ ಕಟ್ಟುತ್ತ ಬಂದೆವು. ಸಿಯೋಲ್‌ನವರು ಕೆಡವಲು ತೆಗೆದುಕೊಂಡದ್ದಕ್ಕಿಂತ ನಮಗೆ ಕಟ್ಟಲು ಹೆಚ್ಚು ಹೊತ್ತು ಹಿಡಿಯಿತು ಎಂದು ಗೇಲಿ ಮಾಡುವವರಿದ್ದಾರೆ. ಅವರಿಗೆ ದೂರದೃಷ್ಟಿ ಸಾಲದು. ಮುಂದೆ ಎಂದಾದರೂ ನಾವೂ ಮೇಲ್ಸೇತುವೆ ಕೆಡವಿ ಹೊಳೆ ತರಬೇಕೆಂದರೆ, ಮೊದಲು ಕೆಡವಲು ಒಂದು ಮೇಲ್ಸೇತುವೆ ಬೇಡವೇ?

ಶಾಂತಿನಗರದ ಕಡೆ ಯಾವುದಾದರೂ ಕಿರುಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ನೋಡಿ. ಕಾಲುವೆಗೆ ಎರಡೂ ಕಡೆ ಆಳೆತ್ತರ ಮೀರಿದ ಕಾಂಕ್ರೀಟು ಗೋಡೆ. ಸೇತುವೆಯ ಕಟಕಟೆಯ ಮೇಲೆ ಕಬ್ಬಿಣದ ಜಾಲರಿ. ಜನ ಕಸ ಎಸೆಯುತ್ತಾರೆಂದು ಹಾಕಿದ ಜಾಲರಿ ಅದು. ಅದರ ನೆತ್ತಿಯಲ್ಲಿ ಗಂಟು ಕಟ್ಟಿದ ಕಪ್ಪು ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿಕೊಂಡು ನೇತಾಡುತ್ತಿರುತ್ತದೆ. ಎಸೆದವರ ಗುರಿ ಅರ್ಧ ಅಡಿ ತಪ್ಪಿತು, ಪಾಪ. ಮಿಕ್ಕವರದು ತಪ್ಪಿಲ್ಲ: ಕೆಳಗೆ ಎಳನೀರು ಬುರುಡೆ, ಥರ್ಮೋಕೋಲ್, ಒಂದು ಹಾಸಿಗೆ, ಹೋದ ವರ್ಷದ ಗಣೇಶನ ಹಿಂದಿದ್ದ ಜರಿಯ ಪರದೆ. ಇವೆಲ್ಲದರ ನಡುವೆ ಬೂದು ಬಣ್ಣದ ದ್ರವ ನಿಧಾನಕ್ಕೆ ಹೋಗುತ್ತದೆ. ಮಳೆನೀರಿಗಾಗಿ ಮಾಡಿದ ಕಾಲುವೆಯಲ್ಲಿ ಬೇಸಿಗೆಯಲ್ಲೂ ನೀರು ಹರಿಯುವುದನ್ನು ಕಂಡು ಹೊರಗಿನಿಂದ ಬಂದವರು ಬೆರಗಾಗುತ್ತಾರೆ. ಅದರ ಗುಟ್ಟನ್ನು ಅವರು ಉಳಿದುಕೊಂಡ ಹೋಟೆಲಿನ ಶೌಚಾಲಯದಲ್ಲಿ ಹುಡುಕಬೇಕು. ಒಂದು ಬೆಳ್ಳಕ್ಕಿ ಆ ಹಾಸಿಗೆಯ ಮೂಲೆಯಲ್ಲಿ ಒಂಟಿಕಾಲಲ್ಲಿ ನಿಂತು ಏನನ್ನೋ ಹೆಕ್ಕುತ್ತಿತ್ತು. ಏನನ್ನು ಎಂದು ವಿಚಾರಿಸುವ ಧೈರ್ಯ ಸಾಲಲಿಲ್ಲ.

ಯೋಜನೆಯಿಂದ ಏನೂ ಆಗಲಿಲ್ಲ ಎಂದು ಹೇಳಿದರೆ ಅನ್ಯಾಯ. ಕೆಲವು ಕಡೆ ಕಲ್ಲುಹಾಸು ಬಂತು, ಕಂಬಿ ಬಂತು, ಗೋಡೆಗೆ ಬಣ್ಣ ಬಂತು. ಬೆಂಚೂ ಬಂತು. ಚರಂಡಿಯನ್ನು ಚರಂಡಿಯಾಗಿಯೇ ಇಟ್ಟು, ಅದರ ಕಡೆಗೆ ಮುಖ ಮಾಡಿ ಕೂರಲು ಅನುಕೂಲ ಕಲ್ಪಿಸುವುದು ನಗರಾಭಿವೃದ್ಧಿಯಲ್ಲಿ ನಮ್ಮ ಸ್ವಂತ ಕೊಡುಗೆ. ಸಿಯೋಲ್‌ನವರು ಬಂದು ಕಲಿತು ಹೋಗಬಹುದು.

ಕೋರಮಂಗಲದಲ್ಲಿ ಕಾಲು ಚಾಚಿ ಕೂರುವಷ್ಟು ನೋಡುವುದಿದೆ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಆಟಗಾರರಿಗೆಂದು ಕಟ್ಟಿದ ವಸತಿ ಸಮುಚ್ಚಯ ಇಲ್ಲೇ ಇದೆ, ಕೆರೆಯ ಜಾಗದಲ್ಲಿ. ಹತ್ತಿರದಲ್ಲೇ 'ಎಸ್‌.ಟಿ. ಬೆಡ್ ಲೇಔಟ್' ಎಂಬ ಬಡಾವಣೆ. ಪೂರ್ತಿ ಬಿಡಿಸಿ ಹೇಳಿದರೆ ಶ್ರೀನಿವಾಗಿಲು ಕೆರೆಯ ಅಂಗಳ. ಬಡಾವಣೆ ಮಾಡಿದವರು ಏನನ್ನೂ ಮುಚ್ಚಿಡಲಿಲ್ಲ, ವಿಳಾಸದಲ್ಲೇ ಬರೆದು ಕೊಟ್ಟರು. ಆದರೂ ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ಬಂದಾಗ ನಿವಾಸಿಗಳಿಗೆ ಅಚ್ಚರಿಯೋ ಅಚ್ಚರಿ. "ನೀರು ನಮ್ಮ ಮನೆಗೆ ನುಗ್ಗಿತು" ಎಂದು ಟೀವಿಯವರ ಮೈಕಿನ ಮುಂದೆ ಹೇಳುತ್ತಾರೆ. ಮೈಕು ಹಿಡಿದವರು ಒಮ್ಮೆ ನೀರಿನ ಹೇಳಿಕೆಯನ್ನೂ ಪಡೆಯಬೇಕಿತ್ತು.

ಇಲ್ಲಿ ಒಂದು ಪಕ್ಕದ ಮಾತು. ಈ ಊರಿನಲ್ಲಿ ಕೆರೆ, ಕಾಲುವೆಯ ಅಂಚಿನಲ್ಲಿ ಎಷ್ಟು ಜಾಗ ಬಿಟ್ಟು ಕಟ್ಟಬೇಕು ಎಂಬುದು ಭೂಗೋಳದ ಪ್ರಶ್ನೆಯಲ್ಲ, ವಕೀಲರ ಪ್ರಶ್ನೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು; ಮಾಸ್ಟರ್ ಪ್ಲ್ಯಾನಿನ 30 ಮೀಟರ್ ಮತ್ತೆ ಊರ್ಜಿತವಾಯಿತು. ಬಿಲ್ಡರುಗಳು ಸಿಹಿ ಹಂಚಿದರು. ಮಳೆನೀರಿಗೆ ಮಾತ್ರ ತೀರ್ಪಿನ ಪ್ರತಿ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ. ಒತ್ತುವರಿ ಪತ್ತೆಗೆ ಎ.ಟಿ. ರಾಮಸ್ವಾಮಿ ಸಮಿತಿ, ಕೆ.ಬಿ. ಕೋಳಿವಾಡ ಸಮಿತಿ ಎಲ್ಲ ಆಗಿ, ವರದಿಗಳು ಬಂದು, ಅವು ಕೂತಿರುವ ಕಪಾಟು ಮಾತ್ರ ಯಾವ ಒತ್ತುವರಿಯೂ ಇಲ್ಲದೆ ಭದ್ರವಾಗಿದೆ. ಕೆರೆಗಳ ಯಜಮಾನರೂ ಬದಲಾಗುತ್ತಲೇ ಬಂದರು: ಸಣ್ಣ ನೀರಾವರಿ, ಅರಣ್ಯ, ಬಿಡಿಎ, ಪಾಲಿಕೆ, ಕೆರೆ ಪ್ರಾಧಿಕಾರ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆಗಳು. ಮೊದಲು ದೂರು ಕೊಟ್ಟರೆ ಒಬ್ಬರು ಫೋನ್ ಎತ್ತುತ್ತಿರಲಿಲ್ಲ. ಈಗ ಐವರು ಎತ್ತದಿರಬಹುದು.

ಮುಂದೆ ಹೊರವರ್ತುಲ ರಸ್ತೆ. ಪ್ರವಾಸಿಗರು ಇಲ್ಲಿ ಹೆಲ್ಮೆಟ್ ಬಿಗಿ ಮಾಡಿಕೊಂಡು ಮನೆದೇವರನ್ನು ನೆನೆಯಬೇಕು. 2020ರಲ್ಲಿ, ಕೊರೊನಾ ಹೊತ್ತಿಗೆ, ರೇಷ್ಮೆ ಮಂಡಳಿ ಜಂಕ್ಷನ್ ಕಡೆಯಿಂದ ಈ ರಸ್ತೆಯ ಅಂಚಿಗೆ ಸೈಕಲ್ ಪಥ ಬಂದಿತ್ತು. ಬಣ್ಣದ ಪಟ್ಟೆ, ಸಾಲಾಗಿ ಪ್ಲಾಸ್ಟಿಕ್ ಕಂಬಗಳು, ಉದ್ಘಾಟನೆಗೆ ಸೈಕಲ್ ಏರಿದ ದೊಡ್ಡವರು. ಮೊದಲು ಕಂಬಗಳು ಮುರಿದವು. ಆಮೇಲೆ ಮುರಿದ ಕಂಬದ ಸಂದಿಯಿಂದ ಬೈಕುಗಳು ಬಂದವು, ಬೈಕಿನ ಹಿಂದೆ ಆಟೊ, ಆಟೊ ಹಿಂದೆ ಪಾರ್ಕಿಂಗ್, ಕೊನೆಗೆ ಮೆಟ್ರೊ ಕಾಮಗಾರಿ. ರಾಜಕಾಲುವೆಯ ಕಥೆಯನ್ನು ನೂರು ವರ್ಷ ಕೂತು ನೋಡಲು ಪುರುಸೊತ್ತಿಲ್ಲದವರಿಗಾಗಿ ಅದೇ ಕಥೆಯನ್ನು ಒಂದೆರಡು ವರ್ಷದಲ್ಲಿ ಆಡಿ ತೋರಿಸಿದ ಹಾಗಿತ್ತು. ಎರಡೂ ನಕ್ಷೆಯ ಮೇಲೆ ನೀಲಿ ಗೆರೆ, ನೆಲದ ಮೇಲೆ ಯಾರದೋ ಕಾರು. ನೀರಿಗಾಗಲಿ ಸೈಕಲ್ಲಿಗಾಗಲಿ ಹಾರ್ನ್ ಇಲ್ಲ, ಮತ ಇಲ್ಲ, ಇಎಂಐ ಇಲ್ಲ. ಇಎಂಐ ಇಲ್ಲದವರಿಗೆ ಈ ಊರಿನಲ್ಲಿ ದಾರಿ ಯಾಕೆ ಬಿಡಬೇಕು? ಹೆಬ್ಬಾಳದಿಂದ ರೇಷ್ಮೆ ಮಂಡಳಿಯವರೆಗೆ ಹದಿನಾರು ಕಿಲೋಮೀಟರ್ ಮೀರಿದ ಸುರಂಗ ಕೊರೆಯುವ ಯೋಜನೆ ಇರುವುದೂ ಕಾರಿಗೇ. ಸುರಂಗ ಎಂದರೆ ಊರಿನಲ್ಲೇ ಅತಿ ತಗ್ಗಿನ ಜಾಗ. ಅಲ್ಲಿಗೆ ಕಾರಿಗಿಂತ ಮೊದಲು ಯಾರು ಇಳಿಯುತ್ತಾರೆಂದು ಹಳೇ ಅಟ್ಲಾಸ್ ಸೈಕಲ್ಲನ್ನು ಕೇಳಿ.

ಈಗ ಬೆಳ್ಳಂದೂರು. ಸುಮಾರು 890 ಎಕರೆ, ಬೆಂಗಳೂರಿನ ಅತಿ ದೊಡ್ಡ ಕೆರೆ. ಇದನ್ನು ನೋಡಲು ಹೊರದೇಶದ ಟೀವಿಯವರೂ ಬಂದಿದ್ದರು. ಲೋಕದಲ್ಲಿ ನೀರಿನಿಂದ ಬೆಂಕಿ ಆರಿಸುತ್ತಾರೆ; ಇಲ್ಲಿ 2015ರಲ್ಲಿ, 2017ರಲ್ಲಿ, 2018ರಲ್ಲಿ ಕೆರೆಯೇ ಹೊತ್ತಿ ಉರಿಯಿತು. 2018ರ ಜನವರಿಯಲ್ಲಿ ಸೈನಿಕರ ದೊಡ್ಡ ದಂಡೇ ಬಂದು ಆರಿಸಬೇಕಾಯಿತು. ಶತ್ರುದೇಶದ ಮೇಲೆ ಹೋಗಬೇಕಾದವರು ಕೆರೆಯ ಮೇಲೆ ಹೋದರು.

ಬೆಂಕಿಗಿಂತ ಹೆಸರು ತಂದದ್ದು ನೊರೆ. ಊರಿನ ಬಚ್ಚಲು, ವಾಷಿಂಗ್ ಮೆಷಿನ್ನು, ಪಾತ್ರೆ ತೊಳೆಯುವ ಸಿಂಕು ಎಲ್ಲದರ ಸೋಪು ಸಂಸ್ಕರಣೆ ಕಾಣದೆ ಕೆರೆಗೆ ಬಂದು ಸೇರುತ್ತಿತ್ತು. ಕೋಡಿಯಲ್ಲಿ ನೀರು ಎತ್ತರದಿಂದ ಬಿದ್ದು ಕಡೆದ ಹಾಗಾದಾಗ ಬುಸುಬುಸು ಎಂದು ಆಳೆತ್ತರ ನೊರೆ ಏಳುತ್ತಿತ್ತು. ಗಾಳಿಗೆ ಹಾರಿ ಯಮಲೂರು, ವರ್ತೂರು ಕೋಡಿಯ ರಸ್ತೆಯಲ್ಲಿ ಸ್ಕೂಟರಿನವರ ಮುಖಕ್ಕೆ ಬಂದು ಕೂರುತ್ತಿತ್ತು. ಆಗ ನಮ್ಮ ಆಡಳಿತ ಒಂದು ನಿರ್ಧಾರಕ್ಕೆ ಬಂತು. ಕೊಳಚೆ ನಿಲ್ಲಿಸಿತೇ? ಇಲ್ಲ. ಸೇತುವೆಯ ಅಂಚಿಗೆ ಎತ್ತರದ ಜಾಲರಿ ಕಟ್ಟಿಸಿತು. ನೊರೆಗೆ ಬೇಲಿ! ದನಕ್ಕೆ ಬೇಲಿ ಹಾಕಿದವರಿದ್ದಾರೆ, ಗಡಿಗೆ ಬೇಲಿ ಹಾಕಿದವರಿದ್ದಾರೆ, ಸೋಪಿನ ಗುಳ್ಳೆಗೆ ಬೇಲಿ ಹಾಕಿದ ಕೀರ್ತಿ ನಮ್ಮೂರಿನದು. ಹಸಿರು ನ್ಯಾಯಮಂಡಳಿ 2018ರ ಕೊನೆಗೆ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ತೆರಿಗೆ ಕಟ್ಟುವವರು ನಾವು, ದಂಡ ಕಟ್ಟಿದವರೂ ನಾವೇ ಆದೆವು. ಸೋಪು ನಮ್ಮದೇ ಆದ್ದರಿಂದ ಲೆಕ್ಕ ಸರಿಹೋಯಿತು. ಆಮೇಲೆ ಹೂಳೆತ್ತುವ ಕೆಲಸವೇನೋ ಶುರುವಾಯಿತು.

ಕೆರೆಯ ಸುತ್ತ ಏಳುವ ಅಪಾರ್ಟ್‌ಮೆಂಟುಗಳ ಜಾಹೀರಾತು ಓದುವುದೇ ಒಂದು ಪ್ರವಾಸ. ಅಂಥ ಒಂದು ಮಾರಾಟ ಕಚೇರಿಯ ಹುಡುಗ, ಸೈಕಲ್ ನೋಡಿ ಮೊದಲು ಪಾರ್ಸೆಲ್ ತಂದವನೆಂದುಕೊಂಡು, ಆಮೇಲೆ ಹೆಲ್ಮೆಟ್ಟಿನ ಬೆಲೆ ಅಂದಾಜು ಮಾಡಿ ಒಳಗೆ ಕರೆದ.

"ಸರ್, ಇದು ಲೇಕ್ ವ್ಯೂ. ಬಾಲ್ಕನಿಯಿಂದ ನೇರ ಕೆರೆ ಕಾಣುತ್ತೆ. ಸ್ಕ್ವೇರ್ ಫೀಟಿಗೆ ಸ್ವಲ್ಪ ಜಾಸ್ತಿ."

"ವಾಸನೆ?"

"ಬಾಲ್ಕನಿಗೆ ಗ್ಲಾಸ್ ಹಾಕಿ ಕೊಡ್ತೀವಿ ಸರ್."

"ಸೊಳ್ಳೆ?"

"ಮೆಶ್ ಹಾಕಿ ಕೊಡ್ತೀವಿ."

"ಕುಡಿಯೋ ನೀರು?"

"ಟ್ಯಾಂಕರ್ ಬರುತ್ತೆ ಸರ್, ಟ್ವೆಂಟಿಫೋರ್ ಅವರ್ಸ್."

890 ಎಕರೆ ಕೆರೆಯ ಎದುರು ಮನೆ, ಕುಡಿಯಲು ಟ್ಯಾಂಕರ್ ನೀರು, ಕೆರೆ ಕಾಣದಂತೆ ಗಾಜು, ಆ ಗಾಜಿನಲ್ಲಿ ಕೆರೆ ಕಾಣುವುದಕ್ಕೆ ಹೆಚ್ಚುವರಿ ದರ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಇದಕ್ಕೆ ಒಂದೂವರೆ ವರ್ಷದ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಅದೇ ಕಾರುಗಳನ್ನು ಯಮಲೂರು, ಸರ್ಜಾಪುರ ರಸ್ತೆಯ ದುಬಾರಿ ಬಡಾವಣೆಗಳಲ್ಲಿ ಮಳೆನೀರು ಚಾವಣಿವರೆಗೆ ಪುಕ್ಕಟೆ ತೊಳೆದುಕೊಟ್ಟಿತ್ತು. ಆಗ ಕೋಟ್ಯಧಿಪತಿಗಳು ಟ್ರ್ಯಾಕ್ಟರಿನ ಟ್ರೈಲರ್ ಏರಿ ಹೊರಬಂದರು. ಸಾಫ್ಟ್‌ವೇರ್‌ನವರು ಅದೇ ಟ್ರ್ಯಾಕ್ಟರ್ ಹಿಡಿದು ಆಫೀಸಿಗೆ ಹೋದರು. ಕೆರೆ ಬಯಲಿನ ಗದ್ದೆ ಮಾರಿದ ರೈತರ ಕೈಯಲ್ಲಿ ಟ್ರ್ಯಾಕ್ಟರಾದರೂ ಉಳಿದಿದ್ದರಿಂದ ಅಂದು ಊರಿನ ಮಾಹಿತಿ ತಂತ್ರಜ್ಞಾನ ನಿಲ್ಲಲಿಲ್ಲ.

ಪ್ರವಾಸ ಇಲ್ಲಿಗೆ ಮುಗಿಯಿತೆಂದರೆ ಅದೂ ಪೂರ್ತಿ ನಿಜವಲ್ಲ. ಈ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ, ಪಂಪು ಹೊಡೆದು, 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಕೋರಮಂಗಲ-ಚಲ್ಲಘಟ್ಟ, ಅಂದರೆ ಕೆ.ಸಿ. ವ್ಯಾಲಿ ಯೋಜನೆ ಇದೇ. ಬತ್ತಿದ್ದ ಲಕ್ಷ್ಮೀಸಾಗರ, ನರಸಾಪುರದ ಕೆರೆಗಳು ಕೋಡಿ ಬಿದ್ದವು, ಅಂತರ್ಜಲ ಏರಿತು. ಮೂರನೇ ಹಂತದ ಸಂಸ್ಕರಣೆಯೂ ಆಗಲೇಬೇಕೆಂದು ಅಲ್ಲಿನ ರೈತರು, ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಕಾವೇರಿಯನ್ನು ಮೇಲೆತ್ತಿ ತರಿಸಿಕೊಂಡು, ಮಿಂದು, ತೊಳೆದು, ಮತ್ತೆ ಮೇಲೆತ್ತಿ ಕೋಲಾರಕ್ಕೆ ಕಳಿಸುವ ನಾವು, ನಮ್ಮ ತಲೆಯ ಮೇಲೆಯೇ ಸುರಿಯುವ ಮಳೆಯನ್ನು ಇಳಿಜಾರಿನಲ್ಲಿ ಅದರ ಪಾಡಿಗೆ ಹೋಗಲು ಬಿಡಲಾರೆವು. ಏರಿನಲ್ಲಿ ತುಳಿದು, ಇಳಿಜಾರಿನಲ್ಲಿ ಬ್ರೇಕು ಹಿಡಿಯುವ ಸವಾರಿ ಇದು.

ಸೈಕಲ್ ಇಲ್ಲದವರಿಗೂ ಈ ಪ್ರವಾಸದಿಂದ ಒಂದು ಉಪಯೋಗವಿದೆ. ಈ ಕಣಿವೆಯಲ್ಲಿ ಎಲ್ಲಾದರೂ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡುವವರಿದ್ದರೆ, ಮೊದಲು ಮೊಬೈಲಿನಲ್ಲಿ ಸರ್ಕಾರದ್ದೇ ಆದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಸರ್ವೆ ನಂಬರಿನ ಮೇಲೆ ಕೆರೆ, ಕಾಲುವೆ ಏನಾದರೂ ಇದೆಯೇ ನೋಡಿ. ಅದರಿಂದಲೂ ಸಮಾಧಾನವಾಗದಿದ್ದರೆ ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗನ ಸೈಕಲ್ ಕೇಳಿ ಪಡೆದು ಮುಖ್ಯರಸ್ತೆಯಿಂದ ಹೊರಡಿ. ಪೆಡಲ್ ತುಳಿಯದೆಯೇ ಸೈಕಲ್ ನಿಮ್ಮನ್ನು ಅಪಾರ್ಟ್‌ಮೆಂಟಿನ ಗೇಟಿಗೆ ತಲುಪಿಸಿತೋ, ಅಡ್ವಾನ್ಸ್ ಕೊಡಬೇಡಿ.